ದೈತ್ಯನ ಮೈ ಬದಲಾಗಲಿ, ಅವನು ಹುಟ್ಟಿದ ಕಾರಣ ಬದಲಾಗಬಹುದೇ?

ಮಂಜೇಶ್ವರದ ಮಾಸ್ತರ

ದೈತ್ಯಜೀವಿಗಳ ಚಿತ್ರಗಳನ್ನು ಮತ್ತೆ ತೆಗೆಯುವ ವಿಷಯ ಬಂದಾಗಲೆಲ್ಲ ನಮ್ಮ ಬಳಗದಲ್ಲಿ ಒಬ್ಬರು ಹಳೆಯದನ್ನು ಮುಟ್ಟಬಾರದಿತ್ತು ಎನ್ನುತ್ತಾರೆ, ಇನ್ನೊಬ್ಬರು ಕಾಲಕ್ಕೆ ತಕ್ಕ ಕೋಲ ಎನ್ನುತ್ತಾರೆ, ಅಲ್ಲಿಗೆ ಮಾತು ನಿಂತುಹೋಗುತ್ತದೆ. ಈ ಎರಡು ಮಾತುಗಳಿಂದ ಯಾವ ಚಿತ್ರದ ಬಗೆಗೂ ನಮಗೆ ಹೊಸದೇನೂ ತಿಳಿಯುವುದಿಲ್ಲವಾದ್ದರಿಂದ ನನ್ನ ನಿಲುವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಒಪ್ಪದವರು ಚಿತ್ರಗಳನ್ನು ಮುಂದಿಟ್ಟೇ ಉತ್ತರಿಸಬೇಕೆಂದು ವಿನಂತಿ.

ರೀಮೇಕ್ ಮಾಡುವವರಿಗೆ ದೈತ್ಯನ ಆಕಾರವನ್ನು, ಅವನು ನುಗ್ಗುವ ಊರನ್ನು, ಅವನು ಸಾಯುವ ರೀತಿಯನ್ನು ಬದಲಿಸುವ ಪೂರ್ಣ ಅಧಿಕಾರವಿದೆ ಎಂದು ನಾನು ನಂಬುತ್ತೇನೆ. ಆದರೆ ಮನುಷ್ಯರ ಯಾವ ತಪ್ಪಿನಿಂದಾಗಿ ಆ ಜೀವಿ ನಮ್ಮ ನಡುವೆ ಬಂತು ಎಂಬುದನ್ನು ಕೈಬಿಟ್ಟರೆ ಉಳಿಯುವುದು ದೊಡ್ಡ ಪ್ರಾಣಿಯೊಂದರ ಓಡಾಟ ಮಾತ್ರ.

ದೈತ್ಯ ವಾನರನೊಬ್ಬನ ಕತೆಯಾದ, ಎಲ್ಲರೂ ಹೀಗಳೆಯುವ 1976ರ ಕಿಂಗ್ ಕಾಂಗ್ ಚಿತ್ರವನ್ನು ನಾನು ಸಮರ್ಥಿಸುವುದು ಇದೇ ಕಾರಣಕ್ಕೆ. 1933ರ ಮೂಲದಲ್ಲಿ ದ್ವೀಪಕ್ಕೆ ಹೋಗುವವನು ಸಿನಿಮಾ ತೆಗೆಯುವ ಮನುಷ್ಯ. ಜನ ದುಡ್ಡು ಕೊಟ್ಟು ನೋಡುವಂಥ ಅದ್ಭುತವೊಂದು ಅವನಿಗೆ ಬೇಕಾಗಿತ್ತು. 1976ರಲ್ಲಿ ಹೋಗುವುದು ತೈಲ ಕಂಪನಿ. 1973ರ ತೈಲ ಬಿಕ್ಕಟ್ಟು ಕಳೆದು ಮೂರು ವರ್ಷವಷ್ಟೇ ಆಗಿದ್ದಾಗ, ದ್ವೀಪದ ಎಣ್ಣೆ ಬಳಕೆಗೆ ಬಾರದೆಂದು ತಿಳಿದ ಕೂಡಲೇ ಕಂಪನಿಯ ಮನುಷ್ಯ ಕಾಂಗ್‌ನನ್ನೇ ಜಾಹೀರಾತಿನ ಸರಕಾಗಿ ಎತ್ತಿಕೊಂಡು ಬರುತ್ತಾನೆ. ಎಣ್ಣೆ ತುಂಬಬೇಕಾಗಿದ್ದ ಹಡಗಿನ ಹೊಟ್ಟೆಯಲ್ಲಿ ಆ ಜೀವಿಯನ್ನು ಸಾಗಿಸುವ ದೃಶ್ಯವನ್ನೂ, ನ್ಯೂಯಾರ್ಕಿನಲ್ಲಿ ದೈತ್ಯಾಕಾರದ ಪೆಟ್ರೋಲ್ ಪಂಪಿನ ಮುಸುಕು ತೆಗೆದು ಅವನನ್ನು ಜನರಿಗೆ ತೋರಿಸುವ ದೃಶ್ಯವನ್ನೂ ನೋಡಿದವರು ಈ ಚಿತ್ರಕ್ಕೆ ಹೇಳುವುದಕ್ಕೇನೂ ಇರಲಿಲ್ಲ ಎನ್ನಲಾರರು. ಮೂಲದ ಲೋಭಕ್ಕೆ ತನ್ನ ಕಾಲದ ಹೆಸರನ್ನು ಕೊಟ್ಟದ್ದು ರೀಮೇಕ್ ಮಾಡುವವನ ನಿಜವಾದ ಕೆಲಸ.

ಇದಕ್ಕೆ ತದ್ವಿರುದ್ಧವಾಗಿ, ಜಪಾನೀ ಚಿತ್ರದ ದೈತ್ಯನನ್ನು ಮತ್ತೆ ತೆಗೆದ 1998ರ ಅಮೆರಿಕದ ಗಾಡ್ಜಿಲ್ಲಾ ನನಗೆ ಇಂದಿಗೂ ಅಸಹನೀಯ. ಅದರ ಮೈ ಇಗ್ವಾನದಂತಿದೆ ಎಂಬುದು ನನ್ನ ದೂರಲ್ಲ.


ಉಪ್ಪಳದ ಛಾಯಾಗ್ರಾಹಕ

ಮಾಸ್ತರರೇ, ನೀವು ಕತೆಯನ್ನು ಮಾತ್ರ ಓದಿದ್ದೀರಿ, ಚಿತ್ರವನ್ನು ನೋಡಿಲ್ಲವೇನೋ ಎನಿಸುತ್ತದೆ. ಕಾರಣ ಎಷ್ಟೇ ಘನವಾಗಿದ್ದರೂ ಪರದೆಯ ಮೇಲೆ ನಿಂತಿರುವ ಜೀವಿಯನ್ನು ಪ್ರೇಕ್ಷಕ ನಂಬದಿದ್ದರೆ ಆ ಕಾರಣವನ್ನು ಹೊರುವವರು ಯಾರು?

1933ರ ಚಿತ್ರದಲ್ಲಿ ವಿಲ್ಲಿಸ್ ಒಬ್ರಯನ್ ಕಾಂಗ್‌ನನ್ನು ಸುಮಾರು ಹದಿನೆಂಟು ಅಂಗುಲದ ಬೊಂಬೆಗಳಿಂದ ಬದುಕಿಸಿದರು. ಒಳಗೆ ಕೀಲುಗಳುಳ್ಳ ಲೋಹದ ಎಲುಬು, ಹೊರಗೆ ಮೊಲದ ಚರ್ಮ. ಒಂದೊಂದು ಚೌಕಟ್ಟಿಗೂ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಚಿತ್ರ ತೆಗೆಯಬೇಕಾಗಿತ್ತು. ಸರಿಸುವಾಗ ಬೆರಳು ತಗಲಿ ತುಪ್ಪಳ ಅಲುಗಿದ್ದು ಪರದೆಯ ಮೇಲೆ ಕೋಪದಿಂದ ಮೈನವಿರೆದ್ದಂತೆ ಕಾಣುತ್ತದೆ. ತಾಂತ್ರಿಕವಾಗಿ ಅದು ದೋಷವೇ, ಆದರೆ ಒಬ್ಬ ಮನುಷ್ಯ ತಾಳ್ಮೆಯಿಂದ ಆ ಜೀವಿಯನ್ನು ಮುಟ್ಟಿ ಮುಟ್ಟಿ ನಡೆಸಿದ್ದಾನೆಂಬ ಸಾಕ್ಷಿಯೂ ಅಲ್ಲೇ ಇದೆ.

1976ರಲ್ಲಿ ನಿರ್ಮಾಪಕ ದಿನೋ ದೆ ಲಾರೆಂಟಿಸ್ ನಲವತ್ತು ಅಡಿ ಎತ್ತರದ ಯಾಂತ್ರಿಕ ವಾನರನನ್ನು ಮುಂದಿಟ್ಟು ಪ್ರಚಾರ ಮಾಡಿದರು. ಕಾರ್ಲೋ ರಾಂಬಾಲ್ಡಿ ಕಟ್ಟಿದ ಆ ಯಂತ್ರ ಸರಿಯಾಗಿ ಅಲುಗಾಡಲೇ ಇಲ್ಲ. ಮುಗಿದ ಚಿತ್ರದಲ್ಲಿ ಅದು ಕಾಣುವುದು ಕೆಲವೇ ಕ್ಷಣ. ಉಳಿದ ಇಡೀ ಚಿತ್ರವನ್ನು ಹೊತ್ತದ್ದು ವಾನರನ ಉಡುಪಿನೊಳಗೆ ಬೆವರಿದ ರಿಕ್ ಬೇಕರ್ ಎಂಬ ಕಲಾವಿದ. ಅವರ ಕಣ್ಣುಗಳಿಂದಲೇ ಆ ಕಾಂಗ್‌ಗೆ ಸ್ವಲ್ಪವಾದರೂ ಜೀವ ಬಂದದ್ದು. ಹಾಗಿದ್ದೂ ಯಂತ್ರಕ್ಕೆ ಸಿಕ್ಕಷ್ಟು ಪ್ರಚಾರ ಆ ಮನುಷ್ಯನಿಗೆ ಸಿಗಲಿಲ್ಲ. ಪ್ರದರ್ಶನದ ಲೋಭವನ್ನು ಖಂಡಿಸುವ ಚಿತ್ರವೇ ಪ್ರದರ್ಶನದ ಲೋಭದಿಂದ ತಯಾರಾಗಿದ್ದರೆ ಅದನ್ನು ಪ್ರಾಮಾಣಿಕ ಎಂದು ಕರೆಯುವುದು ನನಗೆ ಕಷ್ಟ.

ನನ್ನ ಮತ ಪೀಟರ್ ಜಾಕ್ಸನ್ ಅವರ 2005ರ ಕಾಂಗ್‌ಗೆ. ಆಂಡಿ ಸರ್ಕಿಸ್ ರುವಾಂಡಾಕ್ಕೆ ಹೋಗಿ ಗೊರಿಲ್ಲಾಗಳನ್ನು ನೋಡಿ ಬಂದು ಆ ಪಾತ್ರಕ್ಕೆ ಚಲನೆಯನ್ನೂ ಮುಖವನ್ನೂ ಕೊಟ್ಟರು. ಗಾಯದ ಕಲೆಗಳಿರುವ ಆ ಮುದಿ ಮುಖವನ್ನು ನೋಡಿದರೆ, ಅವನ ಕುಲದಲ್ಲಿ ಇನ್ನಾರೂ ಉಳಿದಿಲ್ಲವೆಂಬುದನ್ನು ಯಾವ ಸಂಭಾಷಣೆಯೂ ಹೇಳಬೇಕಾಗಿಲ್ಲ.


ಮಂಜೇಶ್ವರದ ಮಾಸ್ತರ

ರಿಕ್ ಬೇಕರ್ ಅವರ ಬಗ್ಗೆ ನೀವು ಬರೆದದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. 2005ರ ಚಿತ್ರದ ಬಗ್ಗೆ ಮಾತ್ರ ಒಂದು ಆಕ್ಷೇಪ. ಜಾಕ್ಸನ್ ತಮ್ಮ ಕತೆಯನ್ನು 1933ರ ಕಾಲಕ್ಕೇ ಹಿಂದೆ ಕೊಂಡೊಯ್ದರು. ಮೂಲ ಚಿತ್ರ ಬಿಡುಗಡೆಯಾದಾಗ ಆರ್ಥಿಕ ಕುಸಿತದಿಂದ ಬಂದ ಹಸಿವು ಚಿತ್ರಮಂದಿರದ ಬಾಗಿಲಿನ ಹೊರಗೇ ನಿಂತಿತ್ತು. ನಾಯಕಿ ಸೇಬು ಕದಿಯಲು ಕೈಚಾಚಿ ಸಿಕ್ಕಿಬೀಳುವ ದೃಶ್ಯವನ್ನು ಕಂಡವರಲ್ಲಿ ಅನೇಕರಿಗೆ ಅದು ತಮ್ಮ ಬೀದಿಯ ಸಂಗತಿಯೇ ಆಗಿತ್ತು. 2005ರಲ್ಲಿ ಅದೇ ಹಸಿವು ಅಂದವಾದ ಸೆಟ್ ಆಯಿತು. ಮೂರು ಗಂಟೆ ಏಳು ನಿಮಿಷದ ಆ ಚಿತ್ರದಲ್ಲಿ ಮೂಲದ ಮೇಲಿನ ಪ್ರೀತಿ ಉಕ್ಕಿ ಹರಿಯುತ್ತದೆ, ತನ್ನ ಕಾಲದ ಭಯ ಒಂದು ಹನಿಯೂ ಇಲ್ಲ.


ಎಣ್ಮಕಜೆಯ ಓದುಗಿ

ಮಾಸ್ತರರು 1998ರ ಚಿತ್ರದ ಬಗ್ಗೆ ಎರಡೇ ಸಾಲು ಬರೆದು ನಿಲ್ಲಿಸಿದ್ದಾರೆ. ಆ ಮಾತನ್ನು ನಾನು ಮುಂದುವರಿಸಬೇಕೆಂದಿದ್ದೇನೆ, ಏಕೆಂದರೆ ಇದು ನನಗೆ ಕೇವಲ ಸಿನಿಮಾದ ವಿಷಯವಾಗಿಲ್ಲ.

1954ರ ಮಾರ್ಚ್ 1ರಂದು ಅಮೆರಿಕವು ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ನಡೆಸಿದಾಗ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ವಿಕಿರಣದ ಬೂದಿ ಸುರಿಯಿತು. ದೋಣಿಯಲ್ಲಿದ್ದ 23 ಮಂದಿಯೂ ಕಾಯಿಲೆ ಬಿದ್ದರು. ಅವರಲ್ಲೊಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರ್ 3ರಂದು ಇಶಿರೋ ಹೋಂಡಾ ನಿರ್ದೇಶಿಸಿದ ಗಾಡ್ಜಿಲ್ಲಾ ಬಿಡುಗಡೆಯಾಯಿತು, ಮತ್ತು ಅದರ ಮೊದಲ ದೃಶ್ಯದಲ್ಲೇ ಸಮುದ್ರದ ಮಧ್ಯೆ ಬೆಳಕೊಂದು ಸಿಡಿದು ಹಡಗು ನಾಶವಾಗುತ್ತದೆ. ಅಂದು ಚಿತ್ರಮಂದಿರದಲ್ಲಿ ಕುಳಿತಿದ್ದ ಜಪಾನೀಯರಿಗೆ ಆ ಹಡಗು ಯಾವುದೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಗಾಡ್ಜಿಲ್ಲಾ ಊರನ್ನು ಸುಟ್ಟು ಹೋದ ಮೇಲೆ ಆಸ್ಪತ್ರೆಯಲ್ಲಿ ಪುಟ್ಟ ಮಗುವಿನ ಮೈಗೆ ವಿಕಿರಣ ಅಳೆಯುವ ಉಪಕರಣವನ್ನು ಹಿಡಿಯುವ ದೃಶ್ಯವಿದೆ. ಉರಿಯುವ ಬೀದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಅಪ್ಪನ ಬಳಿಗೆ ಹೋಗುತ್ತೇವೆ ಎಂಬ ಅರ್ಥದ ಮಾತು ಹೇಳುತ್ತಾಳೆ.

ನಮ್ಮ ಪಂಚಾಯತಿನ ಗೇರುತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತೆಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ತೋಡುಗಳಲ್ಲಿ, ಬಾವಿಗಳಲ್ಲಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಗಳಲ್ಲಿ ಅದು ಇಳಿದದ್ದೂ, ಮನೆಮನೆಗಳಲ್ಲಿ ಎದ್ದು ನಿಲ್ಲಲಾಗದ ಮಕ್ಕಳು ಬೆಳೆದದ್ದೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಷೇಧಿಸಿತು. ಮೇಲಿನಿಂದ ಸುರಿದ ವಿಷ ಭೂಮಿಯ ಒಳಗಿಳಿದು ವರ್ಷಗಳ ನಂತರ ದೇಹವಾಗಿ ಎದ್ದು ಬರುವ ಕತೆಯನ್ನು ನಾವು ಕಪ್ಪುಬಿಳುಪಿನ ಜಪಾನೀ ಚಿತ್ರದಲ್ಲಿ ನೋಡಿದಾಗ, ಉಡುಪಿನೊಳಗೆ ಮನುಷ್ಯನಿದ್ದಾನೆಂಬುದು ನಮಗೆ ಕಾಣುವುದೇ ಇಲ್ಲ.

ಹಾಗಾಗಿ ರೋಲಂಡ್ ಎಮ್ಮೆರಿಕ್ ಅವರ 1998ರ ಚಿತ್ರದಲ್ಲಿ ಆ ಜೀವಿ ಮೀನಿನ ರಾಶಿಯ ಆಸೆಗೆ ಬಲಿಬಿದ್ದು, ಕ್ರೀಡಾಂಗಣದಲ್ಲಿ ಮೊಟ್ಟೆಯಿಟ್ಟು, ಸೇತುವೆಯ ತಂತಿಗಳಿಗೆ ಸಿಕ್ಕಿ ಕ್ಷಿಪಣಿಗಳಿಂದ ಸಾಯುವುದನ್ನು ನೋಡಿದಾಗ ನನಗಾದದ್ದು ನಿರಾಸೆಯಲ್ಲ, ನೋವು. ಬೆಳೆಗೆ ನುಗ್ಗಿದ ಹಂದಿಯನ್ನು ಹೊಡೆದಂತೆ ಅದನ್ನು ಹೊಡೆದು ಮುಗಿಸಲಾಗುತ್ತದೆ. ಮೂಲ ಚಿತ್ರದಲ್ಲಿ ಗಾಡ್ಜಿಲ್ಲಾವನ್ನು ಕೊಲ್ಲಬಲ್ಲ ಆಯುಧವನ್ನು ಕಂಡುಹಿಡಿದ ವಿಜ್ಞಾನಿ ಸೆರಿಜಾವಾ, ಅದು ಇನ್ನಾರ ಕೈಗೂ ಸಿಗಬಾರದೆಂದು ತನ್ನ ಬರಹಗಳನ್ನು ಸುಟ್ಟು, ಸಮುದ್ರದ ತಳದಲ್ಲಿ ತನ್ನ ಉಸಿರಿನ ಕೊಳವೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಆ ಬೆಲೆಯನ್ನು ಅಳಿಸಿ ಅಲ್ಲಿ ಕ್ಷಿಪಣಿಯನ್ನಿಟ್ಟವರನ್ನು ನಾನು ಕ್ಷಮಿಸಲಾರೆ.


ಪೆರ್ಲದ ವಿದ್ಯಾರ್ಥಿ

ಅಕ್ಕಾ, ನೀವು ಬರೆದದ್ದನ್ನು ಓದಿ ತುಂಬ ಹೊತ್ತು ಉತ್ತರ ಬರೆಯದೆ ಇದ್ದೆ. ನಿಮ್ಮ ನೋವನ್ನು ಪ್ರಶ್ನಿಸುವ ಅರ್ಹತೆ ನನಗಿಲ್ಲ. ಆದರೂ 1998ರ ಚಿತ್ರದ ಪರವಾಗಿ ಮಾತನಾಡುವವರು ಇಲ್ಲಿ ಯಾರೂ ಇಲ್ಲದಿರುವುದರಿಂದ ಆ ಕೆಲಸವನ್ನು ಗೌರವದಿಂದಲೇ ಮಾಡುತ್ತೇನೆ.

ಮೊದಲನೆಯದಾಗಿ, ಆ ಚಿತ್ರ ಕಾರಣವನ್ನು ಕೈಬಿಟ್ಟಿದೆ ಎಂಬುದು ಸರಿಯಲ್ಲ. ಅದು ಶುರುವಾಗುವುದೇ ಪಾಲಿನೇಷ್ಯಾದಲ್ಲಿ ಫ್ರಾನ್ಸ್ ನಡೆಸಿದ ಅಣುಪರೀಕ್ಷೆಗಳಿಂದ. ಆ ಪರೀಕ್ಷೆಗಳು ಕಟ್ಟುಕತೆಯಲ್ಲ. 1966ರಿಂದ ನಡೆಯುತ್ತಿದ್ದವು, ಕೊನೆಯದು ನಡೆದದ್ದು 1996ರ ಜನವರಿಯಲ್ಲಿ. ಅಂದರೆ ಚಿತ್ರ ತೆರೆಗೆ ಬರುವ ಎರಡು ವರ್ಷಗಳ ಹಿಂದೆಯಷ್ಟೇ ಜಗತ್ತು ಅದನ್ನು ಪತ್ರಿಕೆಗಳಲ್ಲಿ ಓದಿತ್ತು. ಜಾನ್ ರೆನೋ ಅಭಿನಯಿಸಿದ ಫ್ರೆಂಚ್ ಗುಪ್ತಚರನ ಪಾತ್ರ ತನ್ನ ದೇಶ ಮಾಡಿದ ತಪ್ಪನ್ನು ತೊಳೆಯಲೆಂದೇ ಬಂದಿರುತ್ತದೆ.

ಎರಡನೆಯದಾಗಿ, ನನ್ನಂಥವರು ಈ ಚಿತ್ರವನ್ನು ಟೀವಿಯಲ್ಲಿ ಹಿಂದಿ ಡಬ್ಬಿಂಗಿನಲ್ಲಿ ಚಿಕ್ಕಂದಿನಲ್ಲೇ ನೋಡಿದೆವು. ಜಪಾನೀ ಮೂಲ ಇದೆಯೆಂಬುದೇ ಆಗ ತಿಳಿದಿರಲಿಲ್ಲ. ಕೊನೆಯಲ್ಲಿ ಸೇತುವೆಯ ಮೇಲೆ ಬಿದ್ದ ಆ ಜೀವಿಯ ಎದೆಬಡಿತ ನಿಧಾನವಾಗಿ ನಿಲ್ಲುವಾಗ ನಮಗೆ ಅಳು ಬಂದಿತ್ತು. ಮರಿಗಳು ಸತ್ತುಬಿದ್ದಿರುವುದನ್ನು ನೋಡಿ ಅಟ್ಟಿಸಿಕೊಂಡು ಬಂದ ತಾಯಿಜೀವ ಅದು. ಮೂಲ ಗಾಡ್ಜಿಲ್ಲಾ ಭಯ ಹುಟ್ಟಿಸಿದರೆ ಇದು ಕನಿಕರ ಹುಟ್ಟಿಸಿತು. ಪ್ಯಾಟ್ರಿಕ್ ಟಟೋಪೌಲಸ್ ವಿನ್ಯಾಸಗೊಳಿಸಿದ ಆ ಬಾಗಿದ, ವೇಗವಾಗಿ ಓಡುವ ಮೈ ಬೇರೆಯೇ ಒಂದು ಪ್ರಾಣಿಯದು, ಮತ್ತು ಆ ಪ್ರಾಣಿಗೆ ಬೇರೆ ಹೆಸರಿಟ್ಟಿದ್ದರೆ ಇಷ್ಟು ದ್ವೇಷ ಅದರ ಪಾಲಿಗೆ ಬರುತ್ತಿರಲಿಲ್ಲ. ಗಾಡ್ಜಿಲ್ಲಾದ ಒಡೆತನವಿರುವ ತೋಹೋ ಸಂಸ್ಥೆಯೇ ಮುಂದೆ 2004ರ ತನ್ನ ಚಿತ್ರದಲ್ಲಿ ಅದನ್ನು ಬೇರೊಂದು ಜೀವಿಯಾಗಿ ಪರಿಗಣಿಸಿ, ಸಿಡ್ನಿಯಲ್ಲಿ ಮೂಲ ಗಾಡ್ಜಿಲ್ಲಾದ ಕೈಯಿಂದ ಕ್ಷಣಾರ್ಧದಲ್ಲಿ ಸೋಲಿಸಿತು.

ಇನ್ನೊಂದು ಮಾತನ್ನು ಕಾಂಗ್ ಚಿತ್ರಗಳ ಅಭಿಮಾನಿಗಳಿಗೆ ಹೇಳಬೇಕಾಗಿದೆ. 1933ರ ಚಿತ್ರ ದ್ವೀಪವಾಸಿಗಳನ್ನು ತೋರಿಸಿದ ರೀತಿ ಆ ಕಾಲದ ಜನಾಂಗದ್ವೇಷದ್ದು ಎಂದು ಎಲ್ಲರೂ ಒಪ್ಪುತ್ತಾರೆ. ಎಪ್ಪತ್ತೆರಡು ವರ್ಷಗಳ ನಂತರ ಅದೇ ಕತೆಯನ್ನು ಮತ್ತೆ ತೆಗೆದವರಿಗೆ ಅದನ್ನು ತಿದ್ದುವ ಅವಕಾಶವಿತ್ತು. ತಿದ್ದುವ ಬದಲು ದ್ವೀಪವಾಸಿಗಳನ್ನು ಇನ್ನಷ್ಟು ಭೀಕರವಾಗಿ ಚಿತ್ರಿಸಿದರು. ಮೂಲನಿಷ್ಠೆಯನ್ನು ಹೊಗಳುವವರು ಈ ನಿಷ್ಠೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.


ಮಂಜೇಶ್ವರದ ಮಾಸ್ತರ

ಕೊನೆಯ ಪರಿಚ್ಛೇದಕ್ಕೆ ಎದುರುತ್ತರವಿಲ್ಲ. ಫ್ರೆಂಚ್ ಪರೀಕ್ಷೆಗಳ ಬಗ್ಗೆ ಮಾತ್ರ ಒಂದು ವಿಷಯ ಗಮನಿಸಿ: ಅಮೆರಿಕದ ಬಾಂಬಿನಿಂದ ಹುಟ್ಟಿದ ದೈತ್ಯನ ಕತೆಯನ್ನು ಅಮೆರಿಕದವರು ತೆಗೆಯುವಾಗ ತಪ್ಪನ್ನು ಇನ್ನೊಂದು ದೇಶದ ತಲೆಗೆ ಕಟ್ಟಿದರು. ಕಾರಣವನ್ನು ಶೀರ್ಷಿಕೆಗಳ ಹಿಂದೆ ತೋರಿಸಿ, ಬಳಿಕ ಎರಡು ಗಂಟೆಗೂ ಹೆಚ್ಚು ಕಾಲ ಯಾರೂ ಅದಕ್ಕೆ ತಲೆಬಾಗಬೇಕಾಗಿಲ್ಲದಂತೆ ಕತೆ ಕಟ್ಟುವುದನ್ನು ಕಾರಣ ಉಳಿಸಿಕೊಂಡದ್ದು ಎಂದು ನಾನು ಎಣಿಸುವುದಿಲ್ಲ.


ಕುಂಬಳೆಯ ಯಕ್ಷಗಾನಾಸಕ್ತ

ನಮ್ಮ ನೆಲದಲ್ಲಿ ಕುಳಿತು ಈ ಚರ್ಚೆ ಮಾಡುವಾಗ ಯಕ್ಷಗಾನದಲ್ಲಿ ರಕ್ಕಸರ ಪಾತ್ರಕ್ಕೆ ಹಾಕುವ ಬಣ್ಣದ ವೇಷವನ್ನು ಮರೆತದ್ದು ನನಗೆ ಆಶ್ಚರ್ಯ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಊರು ಇದು. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆ ಇದು. ನೂರಾರು ವರ್ಷಗಳಿಂದ ಅದೇ ರಾವಣ, ಅದೇ ಮಹಿಷಾಸುರ, ಅದೇ ಶೂರ್ಪನಖಿ ಪ್ರತಿ ತಿರುಗಾಟದಲ್ಲೂ ಹೊಸದಾಗಿ ರಂಗಕ್ಕೆ ಬರುತ್ತಿದ್ದಾರೆ, ಮತ್ತು ಹಳೆಯ ಕಲಾವಿದರ ಮಹಿಷನನ್ನು ಕಂಡವರು ಹೊಸಬರ ಮಹಿಷನನ್ನು ಒಪ್ಪದೆ ಆಟ ಮುಗಿದ ಮೇಲೆ ದಾರಿಯುದ್ದಕ್ಕೂ ವಾದಿಸುತ್ತಲೇ ಇದ್ದಾರೆ.

ಬಣ್ಣದ ವೇಷಧಾರಿ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಗಂಟೆಗಟ್ಟಲೆ ಕುಳಿತು ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಮುಖದ ಮೇಲೆ ಚುಟ್ಟಿಯೆಂಬ ಉಬ್ಬುಚುಕ್ಕೆಗಳನ್ನಿಡುತ್ತಾನೆ. ದೇವಿಮಹಾತ್ಮೆಯ ಆಟದಲ್ಲಿ ಮಹಿಷಾಸುರ ಪ್ರೇಕ್ಷಕರ ನಡುವಿನಿಂದ, ದೊಂದಿಗಳ ಬೆಂಕಿಯಲ್ಲಿ, ರಾಳದ ಹುಡಿ ಭುಗಿಲೇಳುವಾಗ ಆರ್ಭಟಿಸುತ್ತ ಬರುವ ಪ್ರವೇಶಕ್ಕೆ ಮಕ್ಕಳು ನಿದ್ದೆಯಿಂದ ಎದ್ದು ಕೂರುತ್ತಾರೆ. ಈಗೀಗ ಆ ಪ್ರವೇಶವೇ ದೊಡ್ಡದಾಗುತ್ತ ಹೋಗಿದೆ. ಬೆಂಕಿ ಹೆಚ್ಚಿದೆ, ದೊಂದಿ ಹೆಚ್ಚಿದೆ, ಫೋನು ಹಿಡಿದ ಕೈಗಳು ಹೆಚ್ಚಿವೆ. ಪ್ರವೇಶ ಮುಗಿದ ಕೂಡಲೇ ಅನೇಕರು ಎದ್ದು ಹೋಗುತ್ತಾರೆ. ಆಮೇಲೆ ಮಹಿಷ ತನ್ನ ತಾಯಿ ಮಾಲಿನಿಯ ಎದುರು ನಿಂತು ಆಡುವ ಅರ್ಥ, ಅಂದರೆ ಕಲಾವಿದ ತಾನೇ ಕಟ್ಟಿ ಹೇಳುವ ಮಾತು, ತನ್ನ ಕುಲಕ್ಕಾದ ನಾಶದ ಮಾತು, ಅವನ ಸಿಟ್ಟಿಗೊಂದು ಆಧಾರ ಕೊಡುವ ಭಾಗ, ಅರ್ಧ ಖಾಲಿಯಾದ ಅಂಗಳದ ಮುಂದೆ ನಡೆಯುತ್ತದೆ.

ಮಾಸ್ತರರು ಕಾರಣವೆಂದು ಕರೆಯುವುದನ್ನು ನಾನು ಅರ್ಥಗಾರಿಕೆಯೆಂದು ಕರೆಯುತ್ತೇನೆ. ಛಾಯಾಗ್ರಾಹಕರು ಹೇಳುವ ಒಬ್ರಯನ್ ಅವರ ಬೊಂಬೆ, ಬೇಕರ್ ಅವರ ಉಡುಪು, ಸರ್ಕಿಸ್ ಅವರ ಮುಖ ಇವೆಲ್ಲ ಚುಟ್ಟಿ ಮತ್ತು ಕುಣಿತ. ಚುಟ್ಟಿ ಸರಿಯಿಲ್ಲದ ವೇಷ ಅರ್ಥ ಹೇಳಲು ಬಾಯಿ ತೆರೆದರೆ ಯಾರೂ ಕೇಳುವುದಿಲ್ಲ. ಆದ್ದರಿಂದ 1976ರ ಕಾಂಗ್ ಬಗ್ಗೆ ಛಾಯಾಗ್ರಾಹಕರ ಮಾತೇ ನನಗೆ ಹೆಚ್ಚು ಸರಿ. ಆದರೆ ಪ್ರವೇಶವನ್ನಷ್ಟೇ ಬೆಳೆಸಿ ಅರ್ಥವನ್ನು ಕತ್ತರಿಸಿದ ಆಟಕ್ಕೆ 1998ರ ಗಾಡ್ಜಿಲ್ಲಾಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗದು.


ಉಪ್ಪಳದ ಛಾಯಾಗ್ರಾಹಕ

ಈ ಹೋಲಿಕೆ ಒಂದು ಜಾಗದಲ್ಲಿ ನಿಲ್ಲುವುದಿಲ್ಲ. ನಿನ್ನೆಯ ಆಟ ನಿನ್ನೆಗೇ ಮುಗಿಯಿತು, ನೋಡಿದವರ ನೆನಪಿನಲ್ಲಿ ಮಾತ್ರ ಉಳಿಯಿತು; ಹಾಗಾಗಿ ಇಂದಿನ ವೇಷ ನಿನ್ನೆಯ ವೇಷಕ್ಕೆ ಹಾನಿ ಮಾಡಲಾರದು. ಸಿನಿಮಾದಲ್ಲಿ ಹಳೆಯ ಪ್ರತಿ ಇದ್ದೇ ಇರುತ್ತದೆ, ರೀಮೇಕ್ ಅದನ್ನು ಅಳಿಸುವುದಿಲ್ಲ ಎಂದು ಸಮರ್ಥಕರು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಇತಿಹಾಸದಲ್ಲಿ ಅಳಿಸಿದ್ದೂ ಉಂಟು. 1954ರ ಗಾಡ್ಜಿಲ್ಲಾವನ್ನು ಅಮೆರಿಕದವರು 1956ರಲ್ಲಿ ಬಿಡುಗಡೆ ಮಾಡಿದಾಗ ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನ ಪಾತ್ರದಲ್ಲಿಟ್ಟು ಹೊಸ ದೃಶ್ಯಗಳನ್ನು ತೆಗೆದು ಸೇರಿಸಿದರು, ಅಣುಬಾಂಬಿನ ಮಾತುಗಳಲ್ಲಿ ಹಲವನ್ನು ಕಿತ್ತುಹಾಕಿದರು. ಜಪಾನಿನ ಹೊರಗೆ ಬಹುಪಾಲು ಜನ ದಶಕಗಳ ಕಾಲ ನೋಡಿದ್ದು ಆ ಕತ್ತರಿಸಿದ ಪ್ರತಿಯನ್ನೇ. ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ತೆರೆಕಂಡದ್ದು 2004ರಲ್ಲಿ, ಅಂದರೆ ಐವತ್ತು ವರ್ಷಗಳ ನಂತರ. ಕಾಂಗ್‌ನ ಕತೆಯೂ ಅದೇ. 1938ರ ಮರುಬಿಡುಗಡೆಗಾಗಿ ಕತ್ತರಿಸಿದ ದೃಶ್ಯಗಳು ಪ್ರೇಕ್ಷಕರಿಗೆ ಮತ್ತೆ ಸಿಗಲು ಮೂರು ದಶಕಗಳಾದರೂ ಬೇಕಾದವು. ಮೂಲ ಸುಲಭವಾಗಿ ಸಿಗುವಾಗ ರೀಮೇಕಿನ ಬಗ್ಗೆ ಉದಾರವಾಗಿರಬಹುದು. ಮೂಲವೇ ಕೈಗೆಟುಕದಿರುವಾಗ ಆ ಔದಾರ್ಯ ಅನ್ಯಾಯವಾಗುತ್ತದೆ.


ಕಾಸರಗೋಡು ಪೇಟೆಯವರು

ದೈತ್ಯನಲ್ಲದಿದ್ದರೂ ಭಯದ ಚಿತ್ರವೇ ಆದ ಒಂದು ಉದಾಹರಣೆ ನಮ್ಮ ಮನೆಯೊಳಗೇ ಇದೆ. ಗಡಿಯ ಈಚೆ, ಕೇರಳದ ಬದಿಯಲ್ಲಿರುವ ನಾವು 1993ರ ಮಲಯಾಳದ ಮಣಿಚ್ಚಿತ್ರತ್ತಾಳ್ ಚಿತ್ರವನ್ನೂ ನೋಡಿದೆವು, ಅದರ ಕನ್ನಡ ರೂಪವಾದ 2004ರ ಆಪ್ತಮಿತ್ರವನ್ನೂ ನೋಡಿದೆವು. ಶೋಭನಾ ಅವರ ನಾಗವಲ್ಲಿಯನ್ನು ಮೊದಲು ಕಂಡವರು ಸೌಂದರ್ಯ ಅವರ ಅಭಿನಯವನ್ನು ಎಂದೂ ಪೂರ್ಣವಾಗಿ ಒಪ್ಪಲಿಲ್ಲ. ಸೌಂದರ್ಯ ಅವರನ್ನು ಮೊದಲು ಕಂಡವರಿಗೆ, ಅದೂ ಅವರು ತೀರಿಕೊಂಡ ಮೇಲೆ ತೆರೆಕಂಡ ಚಿತ್ರವಾದ್ದರಿಂದ, ಬೇರೆ ಯಾರೂ ಆ ಪಾತ್ರದಲ್ಲಿ ಕಾಣುವುದಿಲ್ಲ. ಒಂದೇ ಮನೆಯಲ್ಲಿ ಮಂಗಳೂರಿನಲ್ಲಿ ಓದಿದ ಮಗಳು ಒಂದು ಕಡೆ, ಇಲ್ಲೇ ಇದ್ದ ತಾಯಿ ಇನ್ನೊಂದು ಕಡೆ. ಪೆರ್ಲದ ತಮ್ಮ 1998ರ ಚಿತ್ರದ ಪರವಾಗಿ ಬರೆದದ್ದು ಇದೇ ಕಾರಣಕ್ಕೆ ನನಗೆ ಅರ್ಥವಾಗುತ್ತದೆ.


ಮುಳ್ಳೇರಿಯದ ನರ್ಸ್

ಎಲ್ಲ ದೈತ್ಯರೂ ಮನುಷ್ಯರ ತಪ್ಪಿನಿಂದಲೇ ಹುಟ್ಟಬೇಕೆಂಬ ಮಾಸ್ತರರ ಅಳತೆಗೋಲಿನಿಂದ ರೀಮೇಕ್‌ಗಳಲ್ಲಿ ಅತ್ಯುತ್ತಮವಾದದ್ದನ್ನೇ ಅಳೆಯಲಾಗುವುದಿಲ್ಲ. ನಾನು ಹೇಳುತ್ತಿರುವುದು ಜಾನ್ ಕಾರ್ಪೆಂಟರ್ ಅವರ 1982ರ ದಿ ಥಿಂಗ್ ಬಗ್ಗೆ.

ಜಾನ್ ಕ್ಯಾಂಬೆಲ್ 1938ರಲ್ಲಿ ಬರೆದ ಕತೆಯನ್ನು ಆಧರಿಸಿ 1951ರಲ್ಲಿ ಮೊದಲ ಚಿತ್ರ ಬಂದಿತ್ತು. ಅದರಲ್ಲಿ ಹಿಮದಿಂದ ಎದ್ದು ಬಂದ ಅನ್ಯಗ್ರಹದ ಜೀವಿ ಎತ್ತರದ ಮನುಷ್ಯನಂತೆ ಕಾಣುವ ಸಸ್ಯಜೀವಿ. ಅದನ್ನು ಎದುರಿಸಲು ಶಿಬಿರದವರೆಲ್ಲ ಒಗ್ಗಟ್ಟಾಗುತ್ತಾರೆ. ಮೂಲ ಕತೆಯಲ್ಲಿದ್ದದ್ದು ಬೇರೆಯೇ: ಆ ಜೀವಿ ಯಾರ ರೂಪವನ್ನು ಬೇಕಾದರೂ ತಾಳಬಲ್ಲದು. ಕಾರ್ಪೆಂಟರ್ ಹಳೆಯ ಚಿತ್ರವನ್ನು ಬಿಟ್ಟು ಆ ಕತೆಗೇ ಮರಳಿದರು, ಒಗ್ಗಟ್ಟನ್ನು ತೆಗೆದುಹಾಕಿ ಸಂಶಯವನ್ನಿಟ್ಟರು. ಅಂಟಾರ್ಕ್ಟಿಕಾದ ಶಿಬಿರದಲ್ಲಿ ಒಬ್ಬೊಬ್ಬರ ರಕ್ತವನ್ನು ಬೇರೆ ಬೇರೆ ತಟ್ಟೆಗಳಲ್ಲಿಟ್ಟು ಕಾಯಿಸಿದ ತಂತಿ ಮುಟ್ಟಿಸಿ ಪರೀಕ್ಷಿಸುವ ದೃಶ್ಯದಲ್ಲಿ ಯಾರು ಮನುಷ್ಯರು, ಯಾರು ಅಲ್ಲ ಎಂದು ತಿಳಿಯುವವರೆಗೆ ಉಸಿರಾಡುವುದು ಕಷ್ಟ. ಇಲ್ಲಿ ಬಾಂಬಿಲ್ಲ, ಎಣ್ಣೆ ಕಂಪನಿಯಿಲ್ಲ.

ಆ ಚಿತ್ರ ಬಿಡುಗಡೆಯಾದ ಬೇಸಿಗೆಯಲ್ಲಿ ಜನ ಅನ್ಯಗ್ರಹದ ಮುದ್ದಾದ ಪುಟ್ಟ ಅತಿಥಿಯೊಬ್ಬನ ಚಿತ್ರಕ್ಕೆ ಮುಗಿಬಿದ್ದಿದ್ದರು. ಎರಡೇ ವಾರಗಳ ನಂತರ ಬಂದ ಈ ಚಿತ್ರವನ್ನು ವಿಮರ್ಶಕರು ಅಸಹ್ಯವೆಂದರು, 1951ರ ಚಿತ್ರದ ನಿರ್ದೇಶಕ ಕ್ರಿಶ್ಚಿಯನ್ ನೈಬಿಯೂ ಟೀಕಿಸಿದರು, ಎನ್ನಿಯೋ ಮೊರಿಕೋನೆಯಂಥವರ ಸಂಗೀತವನ್ನು ವರ್ಷದ ಅತಿ ಕೆಟ್ಟ ಸಂಗೀತದ ಪಟ್ಟಿಗೆ ಸೇರಿಸಿದರು. ಇಂದು ಆ ಚಿತ್ರವನ್ನು ಮೂಲಕ್ಕಿಂತ ಮೇಲೆ ಇಡುವವರೇ ಹೆಚ್ಚು. ಇಪ್ಪತ್ತರ ಹರೆಯದ ರಾಬ್ ಬಾಟಿನ್ ರಬ್ಬರು, ರಾಸಾಯನಿಕಗಳಿಂದ ಆ ಒಡೆಯುವ, ಕರಗುವ ದೇಹಗಳನ್ನು ಒಂದು ವರ್ಷಕ್ಕೂ ಮಿಕ್ಕಿ ದುಡಿದು ಮಾಡಿದರು. ಕೊನೆಗೆ ಬಳಲಿ ಆಸ್ಪತ್ರೆ ಸೇರಬೇಕಾಯಿತು.

ಕೊರೊನಾ ಬಂದ 2020ರ ಮಾರ್ಚಿನಲ್ಲಿ ರಾಜ್ಯದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದು, ರೋಗಿಗಳನ್ನು ಹೊತ್ತ ಆ್ಯಂಬುಲೆನ್ಸುಗಳು ಗಡಿಯಲ್ಲಿ ನಿಂತ ದಿನಗಳಲ್ಲಿ ನಾನು ಕರ್ತವ್ಯದಲ್ಲಿದ್ದೆ. ಎದುರಿಗಿರುವವರ ಒಳಗೆ ಏನಿದೆಯೋ ಎಂಬ ಭಯ ಒಳ್ಳೆಯ ಮನುಷ್ಯರನ್ನು ಏನು ಮಾಡುತ್ತದೆಂಬುದನ್ನು ಆ ಚಿತ್ರ ಸರಿಯಾಗಿಯೇ ಹೇಳಿತ್ತು.

ಡೇವಿಡ್ ಕ್ರೋನೆನ್‌ಬರ್ಗ್ ಅವರ 1986ರ ದಿ ಫ್ಲೈ ಚಿತ್ರವನ್ನೂ ಇದರ ಜೊತೆಗಿಡುತ್ತೇನೆ. 1958ರ ಮೂಲದಲ್ಲಿ ಯಂತ್ರದಿಂದ ಹೊರಬಂದ ವಿಜ್ಞಾನಿಗೆ ಒಮ್ಮೆಲೇ ನೊಣದ ತಲೆ ಬಂದಿರುತ್ತದೆ. ರೀಮೇಕಿನಲ್ಲಿ ಅವನು ಸ್ವಲ್ಪ ಸ್ವಲ್ಪವಾಗಿ, ಉಗುರು ಕಳಚಿ, ಹಲ್ಲು ಉದುರಿ, ಚರ್ಮ ಕೆಟ್ಟು ಬದಲಾಗುತ್ತ ಹೋಗುತ್ತಾನೆ, ಅವನನ್ನು ಪ್ರೀತಿಸಿದವಳು ಪ್ರತಿ ಭೇಟಿಯಲ್ಲೂ ಇನ್ನೊಂದಿಷ್ಟು ಕಳೆದುಕೊಳ್ಳುತ್ತಾಳೆ. ವಾಸಿಯಾಗದ ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲಿ ನಿಂತವರಿಗೆ ಇದು ಪರಿಚಿತ. ನಾಯಕ ನಟ ಜೆಫ್ ಗೋಲ್ಡ್‌ಬ್ಲಮ್ ಅವರ ಮುಖದ ಮೇಲೆ ಆ ಪ್ರಸಾಧನ ಮಾಡಿದವರಿಗೆ ಆಸ್ಕರ್ ಸಂದಿತು.


ಮಂಜೇಶ್ವರದ ಮಾಸ್ತರ

ಸಿಸ್ಟರ್, ನಿಮ್ಮ ಉದಾಹರಣೆ ನನ್ನ ವಾದವನ್ನು ಅಗಲ ಮಾಡಿದೆ, ಒಡೆದಿಲ್ಲ ಎಂದುಕೊಳ್ಳುತ್ತೇನೆ. ಕಾರ್ಪೆಂಟರ್ ಮತ್ತು ಕ್ರೋನೆನ್‌ಬರ್ಗ್ ಇಬ್ಬರೂ ಹಳೆಯ ಚಿತ್ರದ ಮೈಯನ್ನು ಪೂರ್ತಿ ಕಳಚಿ, ಕತೆಯ ಬೇರಿನಲ್ಲಿದ್ದ ಭಯವನ್ನು ಹಿಡಿದುಕೊಂಡರು. ತಪ್ಪು ಎಂಬಲ್ಲಿ ಭಯದ ಬೇರು ಎಂದು ಓದಿಕೊಂಡರೆ ನಾವಿಬ್ಬರೂ ಒಂದೇ ಕಡೆ ಇದ್ದೇವೆ.


ಉಪ್ಪಳದ ಛಾಯಾಗ್ರಾಹಕ

ಬಾಟಿನ್ ಅವರ ಕೆಲಸದ ಪ್ರಸ್ತಾಪ ಬಂದದ್ದರಿಂದ 2011ರಲ್ಲಿ ದಿ ಥಿಂಗ್ ಎಂಬ ಅದೇ ಹೆಸರಿನಲ್ಲಿ ಬಂದ ಪೂರ್ವಕತೆಯ ಬಗ್ಗೆ ಒಂದು ಮಾತು. ಅದಕ್ಕಾಗಿಯೂ ನುರಿತ ಕುಶಲಕರ್ಮಿಗಳು ನಿಜವಾದ ಬೊಂಬೆಗಳನ್ನೂ ಯಾಂತ್ರಿಕ ದೇಹಗಳನ್ನೂ ಕಟ್ಟಿ ಚಿತ್ರೀಕರಣದಲ್ಲಿ ಬಳಸಿದ್ದರು. ಆಮೇಲೆ ಅವುಗಳಲ್ಲಿ ಬಹುಭಾಗವನ್ನು ಗ್ರಾಫಿಕ್ಸಿನಿಂದ ಮುಚ್ಚಲಾಯಿತು. ಕೈಯಿಂದ ಮಾಡಿದ್ದು ಕಾಣದಂತೆ ಮಾಡಲು ಹಣ ಸುರಿದ ಆ ನಿರ್ಧಾರವನ್ನು ಸಮರ್ಥಿಸುವವರನ್ನು ನಾನು ಈವರೆಗೆ ಕಂಡಿಲ್ಲ. ಗ್ರಾಫಿಕ್ಸ್ ಎಂದರೇ ಕೆಟ್ಟದ್ದೆಂದು ನನ್ನ ಅಭಿಪ್ರಾಯವಲ್ಲ. 2023ರ ಗಾಡ್ಜಿಲ್ಲಾ ಮೈನಸ್ ಒನ್ ಚಿತ್ರದಲ್ಲಿ ನಿರ್ದೇಶಕ ತಕಾಶಿ ಯಮಜಾಕಿ ತಾವೇ ಮುಂದೆ ನಿಂತು 35 ಮಂದಿಯ ಸಣ್ಣ ತಂಡದಿಂದ 610 ದೃಶ್ಯತುಣುಕುಗಳ ಕೆಲಸ ಮಾಡಿಸಿ ಆಸ್ಕರ್ ಪಡೆದರು. ಯುದ್ಧದಲ್ಲಿ ಎಲ್ಲ ಕಳೆದುಕೊಂಡ ಜಪಾನಿನ ಮೇಲೆ ಗಾಡ್ಜಿಲ್ಲಾ ಬೀಳುವ ಆ ಚಿತ್ರದಲ್ಲಿ ಮಾಸ್ತರರ ಕಾರಣವೂ ಇದೆ, ನನ್ನ ಕಸಬೂ ಇದೆ.


ಪೆರ್ಲದ ವಿದ್ಯಾರ್ಥಿ

ಹಾಗಾದರೆ ಗಾರೆತ್ ಎಡ್ವರ್ಡ್ಸ್ ಅವರ 2014ರ ಅಮೆರಿಕದ ಗಾಡ್ಜಿಲ್ಲಾವನ್ನು ಎಲ್ಲಿಡುತ್ತೀರಿ? ಅಲ್ಲಿ ಗಾಡ್ಜಿಲ್ಲಾವನ್ನು ಎರಡು ಗಂಟೆಯ ಚಿತ್ರದಲ್ಲಿ ಕೆಲವೇ ನಿಮಿಷ ತೋರಿಸಿದ್ದಾರೆಂದು ಜನ ಸಿಟ್ಟಾದರು. ಆದರೆ ಹೊಗೆ ತುಂಬಿದ ಆಕಾಶದಿಂದ ಸೈನಿಕರು ಕೆಂಪು ಹೊಗೆಯ ಗೆರೆಗಳೊಂದಿಗೆ ಜಿಗಿದು, ಮೋಡ ದಾಟಿದಾಗ ಪಕ್ಕದಲ್ಲೇ ಆ ಮೈ ಒಂದು ಗೋಡೆಯಂತೆ ಸರಿದುಹೋಗುವ ದೃಶ್ಯದಲ್ಲಿ ನನಗೆ ಸಿಕ್ಕ ಗಾಂಭೀರ್ಯ ಬೇರೆ ಅಮೆರಿಕನ್ ಗಾಡ್ಜಿಲ್ಲಾ ಚಿತ್ರದಲ್ಲಿ ಸಿಕ್ಕಿಲ್ಲ. ಯಕ್ಷಗಾನದವರು ಪ್ರವೇಶ ಅತಿಯಾಯಿತೆಂದು ಕೊರಗುತ್ತಾರೆ. ಇಲ್ಲಿ ಪ್ರವೇಶವನ್ನು ತಡೆಹಿಡಿದದ್ದಕ್ಕೆ ಜನ ಬೈದರು.


ಎಣ್ಮಕಜೆಯ ಓದುಗಿ

ತಮ್ಮಾ, ಆ ದೃಶ್ಯದ ಬಗ್ಗೆ ನಿನ್ನ ಮಾತು ನಿಜ. ಆದರೂ ಆ ಚಿತ್ರದಲ್ಲಿ ಐವತ್ತರ ದಶಕದ ಅಣುಪರೀಕ್ಷೆಗಳು ವಾಸ್ತವವಾಗಿ ಗಾಡ್ಜಿಲ್ಲಾವನ್ನು ಕೊಲ್ಲುವ ಯತ್ನಗಳಾಗಿದ್ದವು ಎಂದು ಕತೆ ತಿರುಚಿದ್ದಾರೆ. ಪರೀಕ್ಷೆ ನಡೆಸಿದವರನ್ನು ಅದು ರಕ್ಷಕರನ್ನಾಗಿ ಮಾಡುತ್ತದೆ. ಮೈಮೇಲೆ ಬೂದಿ ಬಿದ್ದವರಿಗೆ ಆ ಕತೆಯಲ್ಲಿ ಜಾಗವಿಲ್ಲ. ಗಾಂಭೀರ್ಯದ ಹೆಸರಿನಲ್ಲಿ ಇದನ್ನು ಒಪ್ಪಲು ನನಗೆ ಸಾಧ್ಯವಿಲ್ಲ.

ನಾನು ಮನಸಾರೆ ಸಮರ್ಥಿಸುವ ಮರುನಿರ್ಮಾಣವೆಂದರೆ ಹಿದೆಯಾಕಿ ಅನ್ನೋ ಮತ್ತು ಶಿಂಜಿ ಹಿಗುಚಿ ಸೇರಿ ಮಾಡಿದ 2016ರ ಶಿನ್ ಗಾಡ್ಜಿಲ್ಲಾ. ಅದೂ ಜನರನ್ನು ಒಡೆದ ಚಿತ್ರವೇ. ದೈತ್ಯ ನೋಡಲು ಹೋದವರಿಗೆ ಸಭೆಗಳ ಮೇಲೆ ಸಭೆ, ಕಡತಗಳ ಮೇಲೆ ಕಡತ ಸಿಕ್ಕವು ಎಂದು ಹಲವರು ದೂರಿದರು. ಆದರೆ 2011ರ ಭೂಕಂಪ, ಸುನಾಮಿ, ಫುಕುಶಿಮಾ ಅಣುಸ್ಥಾವರದ ದುರಂತ ಇವುಗಳ ಐದು ವರ್ಷಗಳ ನಂತರ ಬಂದ ಚಿತ್ರವದು. ಅಪಾಯ ಬೀದಿಗೆ ಬಂದಿರುವಾಗ ಯಾವ ಇಲಾಖೆ ಸಹಿ ಹಾಕಬೇಕೆಂದು ಹುಡುಕುತ್ತ ಕುಳಿತವರನ್ನು ಅದು ತೋರಿಸುತ್ತದೆ. ಕೊನೆಗೆ ಗಾಡ್ಜಿಲ್ಲಾವನ್ನು ತಡೆಯುವುದು ಕಾಂಕ್ರೀಟು ಸುರಿಯುವ ಪಂಪ್ ಲಾರಿಗಳನ್ನು ಹೋಲುವ ವಾಹನಗಳಿಂದ. ಫುಕುಶಿಮಾದಲ್ಲಿ ಕುದಿಯುತ್ತಿದ್ದ ಸ್ಥಾವರಕ್ಕೆ ನೀರು ಸುರಿದದ್ದೂ ಅಂಥವುಗಳೇ. ಅದು ಸಾಯುವುದಿಲ್ಲ, ಹೆಪ್ಪುಗಟ್ಟಿ ನಗರದ ನಡುವೆ ಉಳಿಯುತ್ತದೆ. ಎಂಡೋಸಲ್ಫಾನ್ ಪರಿಹಾರದ ಪಟ್ಟಿಯಲ್ಲಿ ಮಗನ ಹೆಸರು ಸೇರಿಸಲು ಕಚೇರಿಯಿಂದ ಕಚೇರಿಗೆ ಅಲೆದ ತಾಯಂದಿರ ಜೊತೆ ನಾನೂ ಹೋಗಿದ್ದೇನೆ. ಸಭೆಗಳ ಆ ದೃಶ್ಯಗಳು ಬೇಸರ ತರಿಸುತ್ತವೆ ಎನ್ನುವವರ ಮಾತಿಗೆ ನನ್ನ ಉತ್ತರ ಅದೇ: ಆ ಬೇಸರವನ್ನು ಪರದೆಯ ಮೇಲೆ ಹಾಗೆಯೇ ಇಟ್ಟದ್ದು ಅವರ ಧೈರ್ಯ.


ಕುಂಬಳೆಯ ಯಕ್ಷಗಾನಾಸಕ್ತ

ಮೇ ರಜೆಯಲ್ಲಿ ನಮ್ಮ ವಾಚನಾಲಯದಲ್ಲಿ ಹೈಸ್ಕೂಲಿನ ಮಕ್ಕಳಿಗೆ ಚಿತ್ರ ತೋರಿಸುವ ಯೋಚನೆ ಇದೆ. ಮೊದಲು ಕಂಡದ್ದೇ ಮನಸ್ಸಿನಲ್ಲಿ ಮೂಲವಾಗಿ ಕೂರುತ್ತದೆ ಎಂಬುದನ್ನು ಮೇಲಿನ ಹಲವರ ಬರಹಗಳಲ್ಲಿ ಕಂಡದ್ದರಿಂದ 1954ರ ಗಾಡ್ಜಿಲ್ಲಾವನ್ನೇ ಮೊದಲಿಡುತ್ತೇನೆ. ಜಪಾನೀ ಮಾತುಗಳಿಗೆ ಇಂಗ್ಲಿಷ್ ಅಡಿಬರಹ ಮಾತ್ರ ಸಿಗುವುದರಿಂದ, ಮುಖ್ಯ ಸಂಭಾಷಣೆಗಳನ್ನು ಕನ್ನಡದಲ್ಲಿ ಓದಿಹೇಳಲು ಎಣ್ಮಕಜೆಯ ಅಕ್ಕನವರು ಬರಬೇಕೆಂದು ಕೇಳಿಕೊಳ್ಳುತ್ತೇನೆ. ಮರುದಿನ ಶಿನ್ ಗಾಡ್ಜಿಲ್ಲಾ, ಅದರ ಮರುದಿನ 1998ರದ್ದು. ಮೂರನೆಯದನ್ನು ಬಿಡಬೇಕೆಂದು ಮಾಸ್ತರರು ಹೇಳುವರೆಂದು ಬಲ್ಲೆ. ಬಿಡುವುದಿಲ್ಲ, ಅದರ ಪರವಾಗಿ ಮಕ್ಕಳ ಮುಂದೆ ಮಾತನಾಡಲು ಪೆರ್ಲದ ತಮ್ಮನನ್ನು ಕರೆಯುತ್ತೇನೆ, ಉತ್ತರ ಕೊಡಲು ಮಾಸ್ತರರೂ ಅಂದು ಅಲ್ಲಿರಬೇಕು.